ಪಕ್ಷಿವಿಶೇಷ

ಸಂಸ್ಕೃತಕಾವ್ಯಗಳಿಗೆ ಟೀಕೆ ಬರೆದ ಮಹನೀಯರಲ್ಲಿ ಒಂದು ಸುಲಭವಾದ ಪದ್ಧತಿಯುಂಟು. ಮೂಲದಲ್ಲಿ ಬಂದ ಹಕ್ಕಿ ಯಾವುದೆಂದು ತಮಗೆ ತಿಳಿಯದಿದ್ದರೆ ಅವರು 'ಪಕ್ಷಿವಿಶೇಷಃ' ಎಂದು ಬರೆದು ಮುಂದಿನ ಪದಕ್ಕೆ ದಾಟಿಬಿಡುವರು. ಮರವಾದರೆ 'ವೃಕ್ಷವಿಶೇಷಃ', ಮೀನಾದರೆ 'ಮತ್ಸ್ಯವಿಶೇಷಃ'. ಓದುವವನಿಗೆ ಅರ್ಥವಾದಂತೆಯೂ ಆಗುವುದು, ಬರೆದವನ ಅಜ್ಞಾನ ಹೊರಬೀಳದಂತೆಯೂ ಆಗುವುದು. ಈ ರಾಜಮಾರ್ಗದಲ್ಲಿ ನಾನು ಮೂವತ್ತನಾಲ್ಕು ವರ್ಷಗಳ ಕಾಲ ಸುಖವಾಗಿ ನಡೆದೆನು. ಚಾಮರಾಜಪೇಟೆಯ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಅಮರಕೋಶದ ಸಿಂಹಾದಿವರ್ಗವನ್ನು ಕಂಠಪಾಠ ಮಾಡಿದ್ದೆನು. ಚಾಷ, ಖಂಜರೀಟ, ಕಲವಿಂಕ, ಕುರರ ಎಂದು ಹಕ್ಕಿಗಳ ಹೆಸರುಗಳನ್ನು ನಿದ್ದೆಯಲ್ಲಿಯೂ ಹೇಳಬಲ್ಲವನಾಗಿದ್ದೆನು. ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬನು ಎದ್ದುನಿಂತು, "ಚಾಷ ಅಂದ್ರೆ ಯಾವ ಹಕ್ಕಿ ಸಾರ್?" ಎಂದು ಕೇಳಿದನು. "ಕಾವ್ಯದಲ್ಲಿ ಬರುವ ಹಕ್ಕಿ, ಕುಳಿತುಕೋ" ಎಂದೆನು. ಚಾಷವೆಂದರೆ ನೀಲಕಂಠ, ನಮ್ಮ ಕರ್ನಾಟಕದ ರಾಜ್ಯಪಕ್ಷಿ, ಊರು ದಾಟಿದರೆ ಹೊಲದ ಬದಿಯ ವಿದ್ಯುತ್ತಂತಿಯ ಮೇಲೆ ಕುಳಿತಿರತಕ್ಕದ್ದು, ಎಂಬ ಸಂಗತಿ ನನಗೆ ತಿಳಿದದ್ದು ಬಹುಕಾಲದ ಮೇಲೆ. ಆ ಹುಡುಗನ ವಿಚಾರ ಮುಂದೆ ಬರುವುದು.

ನಮ್ಮ ಮನೆ ಬೆಂಗಳೂರು ಸುಲ್ತಾನ್‌ಪೇಟೆಯ ಒಂದು ಸಂದಿಯಲ್ಲಿದೆ. ಈ ಪೇಟೆಯನ್ನು ಬಲ್ಲವರಿಗೆ ಇಲ್ಲಿ ಹಕ್ಕಿಯ ಮಾತೆತ್ತಿದರೆ ನಗು ಬಂದೀತು. ಎತ್ತ ನೋಡಿದರೂ ಕಾಗದದ ಮಳಿಗೆಗಳು, ಅಚ್ಚುಕೂಟಗಳು, ಲಗ್ನಪತ್ರಿಕೆಯ ಅಂಗಡಿಗಳು. ನಡುವೆ ಕಾಗದದ ರೀಮುಗಳನ್ನು ಹೇರಿಕೊಂಡು ಹೋಗುವ ಗಾಡಿಗಳು. ಹಿಂದೆ ಇದ್ದ ತೊಟ್ಟಿಯ ಮನೆಗಳೆಲ್ಲ ಒಂದೊಂದಾಗಿ ಉರುಳಿ ಮಳಿಗೆಗಳಾದುವು. ನಮ್ಮ ತಾತನವರು ಕಟ್ಟಿಸಿದ ಮನೆ ಮಾತ್ರ, ದಾಯಾದಿಗಳ ವ್ಯಾಜ್ಯ ಇನ್ನೂ ತೀರದಿರುವ ಕಾರಣ, ಹೆಂಚು ಹೆಂಚಾಗಿಯೇ ಉಳಿದಿದೆ. ವ್ಯಾಜ್ಯದಿಂದಲೂ ಕೆಲವು ವೇಳೆ ಉಪಕಾರವಾಗುವುದು. ಹಿಂದುಗಡೆ ನಾಲ್ಕು ಮಾರು ಉದ್ದ, ಮೂರು ಮಾರು ಅಗಲದ ಹಿತ್ತಲುಂಟು. ಅಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಒಂದು ಸೇದುವ ಬಾವಿ, ಒಗೆಯುವ ಕಲ್ಲು, ಒಂದು ಪಾರಿಜಾತ, ಒಂದು ಕರಿಬೇವು, ಇಷ್ಟೇ.

ನಾನು ಬಾಲಕನಾಗಿದ್ದಾಗ ಈ ಮನೆಯಲ್ಲಿ ನಮಗಿಂತ ಗುಬ್ಬಿಗಳ ಸಂಸಾರವೇ ದೊಡ್ಡದಾಗಿದ್ದಿತು. ನಡುಮನೆಯಲ್ಲಿ ತೂಗುಹಾಕಿದ್ದ ದೇವರ ಪಟಗಳ ಹಿಂದೆ ಗೂಡು ಕಟ್ಟಿ, ಊಟಕ್ಕೆ ಕುಳಿತವರ ಎಲೆಗೆ ಹುಲ್ಲುಕಡ್ಡಿ ಬೀಳಿಸುತ್ತಿದ್ದುವು. ಅಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡಲು ಕುಳಿತರೆ ಸುತ್ತಲೂ ಹತ್ತು ಹದಿನೈದು ಗುಬ್ಬಿಗಳ ಪಂಕ್ತಿ. ಅವು ಯಾವ ವರ್ಷ ಹೋದುವೆಂದು ನಮ್ಮಲ್ಲಿ ಒಬ್ಬರೂ ಹೇಳಲಾರೆವು. ಹೆಂಚಿನ ಸಂದುಗಳು ಹೋಗಿ ತಾರಸಿಗಳಾದುವು. ಅಕ್ಕಿ ಹಸನಾಗಿಯೇ ಚೀಲದಲ್ಲಿ ಬರತೊಡಗಿತು. ಹಿತ್ತಲುಗಳಿಗೆ ಕಲ್ಲು ಹಾಸಿದ ಮೇಲೆ ಮರಿಗಳಿಗೆ ಗುಟುಕು ಕೊಡಲು ಹುಳುಹುಪ್ಪಟೆಯೂ ಇಲ್ಲದಂತಾಯಿತು. ಜಗಳವಾಡಿಕೊಂಡು ಹೊರಟ ನೆಂಟರಾದರೆ ಹೋದ ದಿನವಾದರೂ ನೆನಪಿರುವುದು. ಇವು ಹೇಳದೆ ಹೋದುವು.

ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ, ಮಗಳ ಮಗಳಿಗೆ ಗುಬ್ಬಿಯನ್ನು ತೋರಿಸಬೇಕೆಂಬ ಹಟ ನನಗೆ ಹತ್ತಿತು. ಆಕೆಗೆ ಏಳು ವರ್ಷ. ತಾಯಿತಂದೆಗಳಿಬ್ಬರೂ ಕೆಲಸಕ್ಕೆ ಹೋಗುವವರಾದ ಕಾರಣ ನಮ್ಮಲ್ಲಿಯೇ ಬೆಳೆಯುತ್ತಿದ್ದಾಳೆ. ಎರಡು ತೆಂಗಿನ ಚಿಪ್ಪುಗಳಿಗೆ ದಾರ ಕಟ್ಟಿ ಪಾರಿಜಾತದ ಕೊಂಬೆಗೆ ತೂಗುಹಾಕಿ, ಒಂದರಲ್ಲಿ ಅಕ್ಕಿನುಚ್ಚನ್ನೂ ಇನ್ನೊಂದರಲ್ಲಿ ನವಣೆಯನ್ನೂ ತುಂಬಿದೆನು. ಪಾರಿವಾಳಗಳು ಬಂದುವು, ಕಾಗೆ ಬಂದಿತು, ಅಳಿಲು ಬಂದು ತನ್ನ ಪಿತ್ರಾರ್ಜಿತವೆಂಬಂತೆ ಚಿಪ್ಪಿನೊಳಗೇ ಕುಳಿತಿತು. ಗುಬ್ಬಿ ಬರಲಿಲ್ಲ. "ಅಳಿಲಿಗೆ ನವಣೆ ಹಾಕೋಕೆ ಪಿಂಚಣಿ ಬೇಕಾಯ್ತೇ?" ಎಂದು ನಮ್ಮ ಮನೆಯವರು ಕೇಳಿದರು. ನಾನು ಉತ್ತರ ಹೇಳಲಿಲ್ಲ.

ಹೀಗೆ ನಾಲ್ಕು ತಿಂಗಳು ಕಳೆದಮೇಲೆ, ಕಳೆದ ಮಾಘಮಾಸದ ಒಂದು ಬೆಳಿಗ್ಗೆ, ನಾನು ಆಹ್ನಿಕ ಮುಗಿಸಿ ಕಾಫಿಯ ಲೋಟ ಹಿಡಿದಿರುವಷ್ಟರಲ್ಲಿ ಹುಡುಗಿ ಹಿತ್ತಲಿನಿಂದ ಪಿಸುಮಾತಿನಲ್ಲಿ ಕೂಗಿದಳು: "ತಾತಾ, ಗುಬ್ಬಿ! ಗುಬ್ಬಿ ಬಂದಿದೆ!" ಲೋಟವನ್ನು ಅಲ್ಲಿಯೇ ಇಟ್ಟು ಬಾಗಿಲ ಮರೆಯಲ್ಲಿ ನಿಂತು ನೋಡಿದೆನು. ಅದು ಗುಬ್ಬಿಯಾಗಿರಲಿಲ್ಲ. ಗುಬ್ಬಿಗಿಂತ ಬಹಳ ಸಣ್ಣದು; ಬಾಲವನ್ನೂ ಸೇರಿಸಿ ನನ್ನ ನಡುಬೆರಳಿಗಿಂತ ತುಸು ಉದ್ದವಿದ್ದೀತು. ಮೈ ಒಣಮಣ್ಣಿನ ಬಣ್ಣ, ಹೊಟ್ಟೆ ಮಸುಕಾದ ಹಳದಿ, ಕಣ್ಣಿನ ಬಳಿ ಕಾಡಿಗೆಯ ಗೆರೆ, ಕೊಕ್ಕು ಮಾತ್ರ ಕೆಂಪು. ರೆಕ್ಕೆಯ ಮೇಲೆ ಸೂಜಿಮೊನೆಯಿಂದ ಸುಣ್ಣವನ್ನಿಟ್ಟಂತೆ ನಾಲ್ಕಾರು ಬಿಳಿಯ ಚುಕ್ಕೆಗಳು. ಅದು ನವಣೆಯ ಕಾಳನ್ನು ಕೊಕ್ಕಿನಲ್ಲಿ ಹೊರಳಿಸಿ, ಹೊಟ್ಟನ್ನು ಕೆಳಕ್ಕೆ ಬಿಟ್ಟು, ತಿರುಳನ್ನು ನುಂಗುತ್ತಿದ್ದಿತು. ಆ ಕಡೆಗೆ ತಿರುಗಿದಾಗ ಬಾಲದ ಬುಡದಲ್ಲಿ ಕೆಂಪಾದ ಒಂದು ತೇಪೆ ಕಂಡಿತು. ಅಂತಹ ಹಕ್ಕಿಯನ್ನು ನಾನು ಹಿಂದೆ ನೋಡಿಯೇ ಇಲ್ಲವೆಂದು ಆಗ ಪ್ರಮಾಣ ಮಾಡಿ ಹೇಳುತ್ತಿದ್ದೆನು.

"ಯಾವ ಹಕ್ಕಿ ತಾತಾ?" ಎಂದು ಹುಡುಗಿ ಕೇಳಿದಳು. ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆನು: "ಅದೊಂದು ಪಕ್ಷಿವಿಶೇಷ." ಒಳಗಿನಿಂದ ನಮ್ಮ ಮನೆಯವರು, "ಹಾಗಂದ್ರೆ ಗೊತ್ತಿಲ್ಲ ಅಂತ ಅರ್ಥ, ಪುಟ್ಟಿ" ಎಂದು ವ್ಯಾಖ್ಯಾನ ಮಾಡಿದರು.

ಹುಡುಗಿ ಅಜ್ಜಿಯ ಮೊಬೈಲಿನಿಂದ ಅದರ ಚಿತ್ರ ತೆಗೆದಳು. ಅದನ್ನು ನನ್ನ ಹಳೆಯ ಶಿಷ್ಯನೊಬ್ಬನಿಗೆ ಕಳುಹಿಸಿದೆನು. ಚಾಷವೆಂದರೆ ಯಾವುದೆಂದು ಕೇಳಿ ಬೈಸಿಕೊಂಡು ಕುಳಿತ ಹುಡುಗನೇ ಈತ. ಈಗ ಬ್ಯಾಂಕಿನಲ್ಲಿ ಕೆಲಸ; ಭಾನುವಾರಗಳಲ್ಲಿ ಕುತ್ತಿಗೆಗೆ ದುರ್ಬೀನು ಹಾಕಿಕೊಂಡು ಕೆರೆಗಳ ದಂಡೆ ತಿರುಗುವನು. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಎಂಬ ಪುಸ್ತಕವನ್ನು ನನಗೆ ತಂದುಕೊಟ್ಟವನೂ ಈತನೇ. ಅದು ನನ್ನ ಅಲಮಾರಿನಲ್ಲಿ ಶಬ್ದಕೋಶಗಳ ಪಕ್ಕದಲ್ಲಿ ಬಹು ಗೌರವದಿಂದ, ಬಿಚ್ಚದೆ, ನಿಂತಿದ್ದಿತು. ಸಂಜೆಗೆ ಅವನ ಉತ್ತರ ಬಂದಿತು: "ಭಾನುವಾರ ಬರ್ತೀನಿ ಸಾರ್. ದಯವಿಟ್ಟು ಅದನ್ನು ಹಿಡಿಯಬೇಡಿ."

ಹಿಡಿಯುವ ಯೋಚನೆ ನನಗಿರಲಿಲ್ಲ, ಹುಡುಗಿಗೆ ಇದ್ದಿತು. ಶುಕ್ರವಾರ ಶಾಲೆಯಿಂದ ಬಂದವಳೇ, ಅಜ್ಜಿಯನ್ನು ಕಾಡಿ ಅಟ್ಟವನ್ನು ಹುಡುಕಿಸಿ ತುಕ್ಕು ಹಿಡಿದ ಒಂದು ತಂತಿಯ ಪಂಜರವನ್ನು ಕೆಳಗಿಳಿಸಿದ್ದಳು. ಅದನ್ನು ಕಂಡೊಡನೆ ನನಗೆ ಒಂದು ಕಥೆ ನೆನಪಾಯಿತು. ನೆನಪಾಯಿತೆಂದರೆ ತಪ್ಪು. ಪ್ರತಿ ವರ್ಷವೂ ಪಂಚತಂತ್ರದ ನೀಲಶೃಗಾಲದ ಪಾಠ ಬಂದಾಗ, ಬಣ್ಣದ ಬಾನಿಯಲ್ಲಿ ಬಿದ್ದ ಚಂಡರವನೆಂಬ ನರಿ ಮೃಗರಾಜನಂತೆ ಮೆರೆದು ಸಿಕ್ಕಿಬಿದ್ದುದನ್ನು ಹೇಳಿದ ಮೇಲೆ, ದೃಷ್ಟಾಂತವಾಗಿ ಈ ಕಥೆಯನ್ನು ಸೇರಿಸುತ್ತಿದ್ದೆನು. ಹುಡುಗರು ಇದಕ್ಕಾಗಿ ಕಾದಿರುತ್ತಿದ್ದರು. ಮೊಮ್ಮಗಳಿಗೂ ಅಂದು ಅದೇ ಕಥೆಯನ್ನು ಅದೇ ಮಾತುಗಳಲ್ಲಿ ಹೇಳಿದೆನು.

ಅದು ೧೯೭೫ನೆಯ ಇಸವಿ, ಮಳೆಗಾಲ. ನನಗೆ ಹತ್ತು ವರ್ಷ; ಹೊಸದಾಗಿ ಉಪನಯನವಾಗಿದ್ದಿತು. ತುಳಸಿತೋಟದ ಬೇಲಿಯ ಪಕ್ಕದಲ್ಲಿ ಒಬ್ಬ ಮುದುಕನು ಬಿದಿರಿನ ಬುಟ್ಟಿಗಳಲ್ಲಿ ಹಕ್ಕಿಗಳನ್ನಿಟ್ಟುಕೊಂಡು ಕುಳಿತಿರುತ್ತಿದ್ದನು. ಅವುಗಳಲ್ಲಿ ಒಂದು, ಕುಂಕುಮದಲ್ಲಿ ಅದ್ದಿ ತೆಗೆದು ಮೇಲೆ ಅಕ್ಕಿನುಚ್ಚು ಎರಚಿದಂತಿರುವ ಹಕ್ಕಿ, ನನ್ನ ಮನಸ್ಸನ್ನು ಸೆರೆಹಿಡಿಯಿತು. ಉಪನಯನದ ದಕ್ಷಿಣೆಯಲ್ಲಿ ಉಳಿದಿದ್ದ ಎರಡು ರೂಪಾಯಿ ಕೊಟ್ಟು, ಅದನ್ನೂ ಅದಕ್ಕೆ ಜೊತೆಯೆಂದು ಅವನು ಕೊಟ್ಟ ಒಂದು ಮಂಕು ಬಣ್ಣದ ಹೆಣ್ಣನ್ನೂ ತಂದೆನು. ಗಂಡು ಪಂಜರದ ಅಡ್ಡಕಡ್ಡಿಯ ಮೇಲೆ ನಿಂತು ಕತ್ತೆತ್ತಿ ಕಿರುದನಿಯಲ್ಲಿ ಹಾಡುವುದನ್ನು ನೋಡಲು ಬೀದಿಯ ಹುಡುಗರೆಲ್ಲ ಬರುತ್ತಿದ್ದರು. ನಾನು ಒಡೆಯನಾದ ಮೊದಲನೆಯ ವಸ್ತು ಅದು. ಸಂಕ್ರಾಂತಿ ಕಳೆಯಿತು. ಹಕ್ಕಿಯ ಎದೆಯ ಮೇಲೆ ಅಲ್ಲಲ್ಲಿ ಕೆಂಪು ಅಳಿಸಿ ಮಣ್ಣಿನ ಬಣ್ಣ ಕಾಣತೊಡಗಿತು. ಶಿವರಾತ್ರಿಯ ವೇಳೆಗೆ ಗಂಡು ಯಾವುದು ಹೆಣ್ಣು ಯಾವುದು ಎಂದು ತಿಳಿಯದಂತಾಯಿತು. "ಬಣ್ಣ ಬಳಿದು ಮಾರಿದ್ದಾನೆ ಕಳ್ಳ" ಎಂದು ಸೋದರಮಾವ ತೀರ್ಪುಕೊಟ್ಟರು. ನನ್ನ ಕೈಹಿಡಿದುಕೊಂಡು ತುಳಸಿತೋಟಕ್ಕೆ ಹೋಗಿ, ನಾಲ್ಕು ಜನರ ಮುಂದೆ ಆ ಮುದುಕನನ್ನು ನಿಲ್ಲಿಸಿಕೊಂಡರು. ಮುದುಕನು ಕೈಮುಗಿದು, "ಬಣ್ಣ ಅಲ್ಲ ಸ್ವಾಮಿ, ಮಳೆಗಾಲ ಬರ್ಲಿ, ತಾನಾಗೇ ಮತ್ತೆ ಕೆಂಪಾಗ್ತದೆ" ಎಂದನು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. "ನಿನ್ನ ಗಡ್ಡಕ್ಕೂ ಮಳೆ ಬಿದ್ದರೆ ಕಪ್ಪಾಗ್ತದೋ?" ಎಂದು ಯಾರೋ ಕೇಳಿದರು. ನಾನೂ ನಕ್ಕೆನು, "ಕಳ್ಳ" ಎಂದು ಕೂಗಿದೆನು. ಅವನು ಸೊಂಟದ ಚೀಲದಿಂದ ಎರಡು ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟು, "ಹಕ್ಕಿ ನೀನೇ ಇಟ್ಕೋ ಮರಿ, ನೀರು ಮರೀಬೇಡ" ಎಂದನು.

ತರಗತಿಯಲ್ಲಿ ಈ ಕೊನೆಯ ಮಾತನ್ನು ನಾನು ಹೇಳುತ್ತಿರಲಿಲ್ಲ. ನಗುವಿನ ಬಳಿಗೆ ನಿಲ್ಲಿಸಿ, "ಅನಂತರ ನಾನು ಆ ಹಕ್ಕಿಗಳನ್ನು ಹಾರಿಬಿಟ್ಟೆನು" ಎಂದು ಮುಗಿಸುತ್ತಿದ್ದೆನು. ಮೊಮ್ಮಗಳಿಗೂ ಹಾಗೆಯೇ ಹೇಳಿದೆನು. ನಡೆದದ್ದು ಬೇರೆ. ಕೆಂಪು ಹೋದ ಮೇಲೆ ಆ ಹಕ್ಕಿ ನನಗೆ ಬೇಡವಾಯಿತು. ಪರೀಕ್ಷೆಯೂ ಬಂದಿತು. ಪಂಜರ ಹಿತ್ತಲಿನ ಮೊಳೆಯಲ್ಲಿ ತೂಗುತ್ತಿದ್ದಿತು. ಅಮ್ಮ ಬಾಣಂತನಕ್ಕೆಂದು ಅಕ್ಕನ ಊರಿಗೆ ಹೋಗಿದ್ದರು. ಚೈತ್ರದ ಬಿಸಿಲು. ಎರಡು ದಿನ ನೀರಿನ ಬಟ್ಟಲನ್ನು ನಾನು ನೋಡಲೇ ಇಲ್ಲ. ಮೂರನೆಯ ದಿನ ಬಂದ ಅಮ್ಮ, ಉಳಿದಿದ್ದ ಹೆಣ್ಣುಹಕ್ಕಿಯನ್ನು ಹೊರಗೆ ಬಿಟ್ಟರು. ಇನ್ನೊಂದನ್ನು ಪಾರಿಜಾತದ ಬುಡದಲ್ಲಿ ಹುಗಿದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರು ಬೈದಿದ್ದರೆ ಬಹುಶಃ ನಾನು ಈ ಕಥೆಯನ್ನು ಬೇರೆ ರೀತಿಯಲ್ಲಿ ಹೇಳಲು ಕಲಿಯುತ್ತಿದ್ದೆನೇನೋ. ಐವತ್ತು ವರ್ಷ ಅದು ನನ್ನ ಮತ್ತು ಅಮ್ಮನ ನಡುವೆ ಇದ್ದ ವಿಷಯ. ಅಮ್ಮ ಹೋದಮೇಲೆ ನನ್ನೊಬ್ಬನದಾಯಿತು.

ಭಾನುವಾರ ಶಿಷ್ಯನು ಬೆಳಕು ಹರಿಯುವ ಮೊದಲೇ ಬಂದು ಅಡುಗೆಮನೆಯ ಕಿಟಕಿಯಲ್ಲಿ ದುರ್ಬೀನು ಹಿಡಿದು ಕುಳಿತನು. ಏಳೂಕಾಲಕ್ಕೆ ಹಕ್ಕಿ ಬಂದಿತು. ಅವನು ಬಹಳ ಹೊತ್ತು ನೋಡಿ, "ರಾಟವಾಳ ಸಾರ್. ಕೆಂಪು ರಾಟವಾಳ" ಎಂದನು.

"ಕೆಂಪೆಲ್ಲಿ ಬಂತಯ್ಯ?" ಎಂದೆನು.

ಅವನು ಆ ಪ್ರಶ್ನೆಯನ್ನು ಬಿಟ್ಟು ಬೇರೆಲ್ಲವನ್ನೂ ಹೇಳಿದನು. ಇಂಗ್ಲಿಷರು ಕಾಳು ಸುಲಿದು ತಿನ್ನುವ ಸಣ್ಣ ಹಕ್ಕಿಗಳನ್ನೆಲ್ಲ ಸಾಮಾನ್ಯವಾಗಿ ಫಿಂಚ್ ಎನ್ನುವರು. ೧೭೫೮ರಲ್ಲಿ ಲಿನೇಯಸ್ ಪಂಡಿತನು ಇದನ್ನೂ ಆ ಗುಂಪಿಗೆ ಸೇರಿಸಿ ಹೆಸರಿಟ್ಟನು. ಈಗಿನವರು ಇದನ್ನೂ ಇದರ ದಾಯಾದಿಗಳನ್ನೂ ಬೇರೆ ಕುಟುಂಬವಾಗಿ ವಿಂಗಡಿಸಿರುವರು. ಉತ್ತರದವರು ಮುನಿಯಾ ಎಂದೂ ಗಂಡನ್ನು ಲಾಲ್ ಎಂದೂ ಕರೆಯುವರು. ಕೆರೆಯಂಚಿನ ಜೊಂಡು, ಎತ್ತರದ ಹುಲ್ಲು, ಕಬ್ಬಿನ ಗದ್ದೆ, ಇವೇ ಇದರ ವಾಸಸ್ಥಾನ. ಈಗ ಬಸ್ಸುಗಳು ನಿಲ್ಲುವ ಜಾಗದಲ್ಲಿ ಧರ್ಮಾಂಬುಧಿ ಕೆರೆಯಿದ್ದ ಕಾಲದಲ್ಲಿ ನಮ್ಮ ಸುಲ್ತಾನ್‌ಪೇಟೆಗೂ ಇದು ದೂರದ ನೆಂಟನಾಗಿರಲಾರದು.

ಶಾಸ್ತ್ರೀಯ ಹೆಸರು ಏನೆಂದು ಕೇಳಿದೆನು. 'ಅಮಂದವ' ಎಂದನು. ನನಗೆ ರೋಮಾಂಚವಾಯಿತು. ಲ್ಯಾಟಿನ್ನಿನ ನಡುವೆ ನಮ್ಮ ಭಾಷೆ! ಮಂದವಲ್ಲದ್ದು ಅಮಂದ, ಅಮಂದವಾಗಿ, ಎಂದರೆ ಚುರುಕಾಗಿ, ಚಲಿಸತಕ್ಕದ್ದು ಅಮಂದವ, ಧಾತು ಇಂತಹುದು, ಪ್ರತ್ಯಯ ಇಂತಹುದು ಎಂದು ಕಾಫಿ ಆರಿಹೋಗುವವರೆಗೂ ಅವನಿಗೆ ವ್ಯುತ್ಪತ್ತಿಯನ್ನು ಬೋಧಿಸಿದೆನು. ಅವನು ವಿನಯದಿಂದ ಕೇಳಿ, "ಚೆನ್ನಾಗಿದೆ ಸಾರ್. ಆದರೆ ಅದು ಅಹಮದಾಬಾದು ಅನ್ನೋದರ ಅಪಭ್ರಂಶ" ಎಂದನು. ಹಿಂದಿನ ಕಾಲದಲ್ಲಿ ಈ ಹಕ್ಕಿಗಳನ್ನು ಹಿಡಿದು ಪಂಜರಗಳಲ್ಲಿ ತುಂಬಿ ಅಹಮದಾಬಾದಿನಿಂದ ಯೂರೋಪಿಗೆ ಸಾಗಿಸುತ್ತಿದ್ದರಂತೆ. ಊರಿನ ಹೆಸರೇ ಬಾಯಿಂದ ಬಾಯಿಗೆ ತಿರುಚಿಕೊಂಡು ಹಕ್ಕಿಗೆ ಅಂಟಿತು. ಹೀಗೆ ಪರದೇಶಗಳಿಗೆ ಹೋದವುಗಳಲ್ಲಿ ಕೆಲವು ಪಂಜರದಿಂದ ತಪ್ಪಿಸಿಕೊಂಡು ಸ್ಪೇನ್, ಫೀಜಿ, ಹವಾಯಿ ಮುಂತಾದ ಕಡೆಗಳಲ್ಲಿ ಕಾಡುಹಕ್ಕಿಗಳಾಗಿ ನೆಲಸಿರುವುವು. ನನ್ನ ವ್ಯಾಕರಣವೆಲ್ಲ ಸರಿಯಾಗಿದ್ದಿತು. ಅರ್ಥ ಮಾತ್ರ ತಪ್ಪಾಗಿದ್ದಿತು. ಅಂದು ಬೆಳಿಗ್ಗೆ ಅದು ಮೊದಲನೆಯ ಪೆಟ್ಟು.

ಸುಲ್ತಾನ್‌ಪೇಟೆಗೆ ಇದು ಹೇಗೆ ಬಂದಿತೆಂದು ಕೇಳಿದೆನು. ದುರ್ಬೀನನ್ನು ನನ್ನ ಕೈಗೆ ಕೊಟ್ಟು ಬಾಲವನ್ನು ನೋಡಹೇಳಿದನು. ಗರಿಗಳ ತುದಿಗಳು ಹಳೆಯ ಪೊರಕೆಯಂತೆ ಸವೆದಿದ್ದುವು. ಪಂಜರದ ತಂತಿಗೆ ಉಜ್ಜಿ ಉಜ್ಜಿ ಹಾಗಾಗುವುದಂತೆ. "ಯಾರದೋ ಮನೆಯಿಂದ ತಪ್ಪಿಸಿಕೊಂಡು ಬಂದಿದೆ ಸಾರ್." ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ೧೯೯೧ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿಯೂ ನಮ್ಮ ನಾಡಿನ ಕಾಡುಹಕ್ಕಿಗಳ ವ್ಯಾಪಾರವನ್ನು ನಿಷೇಧಿಸಿವೆ, ಆದರೂ ಗುಟ್ಟಾಗಿ ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ.

"ಮೊದಲು ಹೇಳು, ಕೆಂಪು ರಾಟವಾಳಕ್ಕೆ ಕೆಂಪೆಲ್ಲಿ?" ಎಂದು ಮತ್ತೆ ಕೇಳಿದೆನು. ಅವನು ನೆಲ ನೋಡಿದನು. ಶಾಲೆಯಲ್ಲಿಯೂ ಉತ್ತರ ತಿಳಿದಾಗಲೇ ಹಾಗೆ ನೆಲ ನೋಡುವುದು ಅವನ ಸ್ವಭಾವ. ಆಮೇಲೆ ಹೇಳಿದನು: ಈ ಜಾತಿಯಲ್ಲಿ ಗಂಡು ವರ್ಷದಲ್ಲಿ ಎರಡು ವೇಷ ಹಾಕುವುದು. ಮಳೆಗಾಲ ಬಂದು ಹುಲ್ಲು ತೆನೆಗಟ್ಟಿ ಗೂಡು ಕಟ್ಟುವ ಕಾಲವಾದಾಗ ಹಳೆಯ ಗರಿಗಳು ಉದುರಿ ಕೆಂಪು ಗರಿಗಳು ಮೂಡುವುವು. ಸಂತಾನಕಾಲ ಮುಗಿದ ಮೇಲೆ ಅವೂ ಉದುರಿ ಹೆಣ್ಣಿನಂತಹ ಮಂಕು ಗರಿ ಬರುವುದು. ಬಣ್ಣ ಅಳಿಸುವುದೂ ಅಲ್ಲ, ಮಾಸುವುದೂ ಅಲ್ಲ, ಗರಿಯೇ ಬದಲಾಗುವುದು. ಇದರ ಬಂಧುಗಳಲ್ಲಿ ಇಂತಹ ಋತುವೇಷ ಅಪರೂಪ. "ಇದು ಗಂಡೇ ಇರಬಹುದು ಸಾರ್, ಕತ್ತಿನ ಕೆಳಗೆ ಬೂದುಬಣ್ಣ ಕಾಣುತ್ತೆ. ಆಷಾಢದವರೆಗೆ ಉಳಿದರೆ ಕೆಂಪಾಗುತ್ತೆ."

ನಾನು ದುರ್ಬೀನನ್ನು ಇಳಿಸಲಿಲ್ಲ. ಇಳಿಸಿದರೆ ಅವನ ಮುಖ ನೋಡಬೇಕಾಗಿದ್ದಿತು. ಹುಡುಗಿ ಮಾತ್ರ ಸುಮ್ಮನಿರಲಿಲ್ಲ. "ತಾತಾ, ಹಾಗಾದ್ರೆ ಹಕ್ಕಿ ಮಾರೋ ತಾತ ನಿಜಾನೇ ಹೇಳಿದ್ದ ಅಲ್ವಾ?" ಎಂದು ಕೇಳಿದಳು.

ಅಡುಗೆಮನೆಯಲ್ಲಿ ನೀರು ಕುದಿಯುವ ಶಬ್ದವೊಂದೇ ಕೇಳುತ್ತಿದ್ದಿತು. ಶಿಷ್ಯನು ಮೆಲ್ಲನೆ, "ಹಕ್ಕಿಗಳಿಗೆ ಬಣ್ಣ ಬಳಿದು ಮಾರೋರೂ ಇದ್ದಾರೆ ಸಾರ್. ಮುನಿಯಗಳಿಗೆ ಹಸಿರು, ಹಳದಿ ಎಲ್ಲ ಬಳಿಯುತ್ತಾರೆ. ನಿಮ್ಮ ಮಾವನವರು ಹಾಗೆ ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ" ಎಂದನು. ಗುರುವನ್ನು ಉಳಿಸಿಕೊಳ್ಳಲು ಅವನು ಮಾಡಿದ ಪ್ರಯತ್ನ ಅದು. "ನಿನಗೆ ಇದು ಯಾವಾಗ ತಿಳಿಯಿತು?" ಎಂದೆನು. ಹತ್ತು ಹನ್ನೆರಡು ವರ್ಷಗಳಾದುವಂತೆ. ಹೊಲದಲ್ಲಿ ಮೊದಲ ಸಲ ಅರೆಗೆಂಪಿನ ಗಂಡನ್ನು ಕಂಡಾಗಲೇ ನನ್ನ ಪಾಠ ನೆನಪಾಯಿತಂತೆ. "ಹೇಳೋಕೆ ಬಾಯಿ ಬರಲಿಲ್ಲ ಸಾರ್. ಅಷ್ಟು ಚೆನ್ನಾಗಿ ಹೇಳ್ತಿದ್ರಿ."

ಮೂವತ್ತನಾಲ್ಕು ವರ್ಷ, ವರ್ಷಕ್ಕೆ ಎರಡು ವಿಭಾಗ, ವಿಭಾಗಕ್ಕೆ ನಲವತ್ತು ಹುಡುಗರು. ಲೆಕ್ಕ ಹಾಕಲು ನಾನು ಗಣಿತದ ಮೇಷ್ಟ್ರಾಗಬೇಕಾಗಿರಲಿಲ್ಲ. ತುಳಸಿತೋಟದಲ್ಲಿ ಆ ಮುದುಕನನ್ನು ನೋಡಿ ನಕ್ಕವರು ಹತ್ತು ಜನ. ನನ್ನ ತರಗತಿಯಲ್ಲಿ ಅವನನ್ನು ನೋಡದೆ ನಕ್ಕವರು ಎರಡೂವರೆ ಸಾವಿರಕ್ಕೆ ಮೇಲೆ. ಅವನಿಗೆ ಅಮರವೂ ತಿಳಿಯದು, ಲಿನೇಯಸ್ಸೂ ತಿಳಿಯದು, ಹಕ್ಕಿಯೊಂದು ತಿಳಿದಿದ್ದಿತು. ಅವನ ಹೆಸರನ್ನು ನಾವು ಕೇಳಿರಲಿಲ್ಲ.

ಶಿಷ್ಯನು ಹೊರಟುಹೋದ ಮೇಲೆ ಮೊಮ್ಮಗಳನ್ನು ಬಾವಿಯ ಚಪ್ಪಡಿಯ ಮೇಲೆ ಕೂರಿಸಿಕೊಂಡು, ಹಾರಿಬಿಟ್ಟೆನೆಂದದ್ದು ಸುಳ್ಳೆಂದು ಹೇಳಿದೆನು. ನೀರಿನ ಬಟ್ಟಲಿನ ವಿಷಯವನ್ನೂ ಹೇಳಿದೆನು. ಮಗುವಿಗೆ ಇದೆಲ್ಲ ಏಕೆಂದು ನಮ್ಮ ಮನೆಯವರಿಗೆ ಅಸಮಾಧಾನ. ಹುಡುಗಿ ಕೇಳಿದ ಪ್ರಶ್ನೆ ಒಂದೇ: "ಎಲ್ಲಿ ಹುಗಿದ್ರು?" ತೋರಿಸಿದೆನು. ಅವಳು ಎದ್ದುಹೋಗಿ ಪಂಜರವನ್ನು ಹಳೆಯ ಸಾಮಾನಿನವನಿಗೆ ಕೊಡಲೆಂದು ಬೀದಿಬಾಗಿಲಿನ ಬಳಿ ಇಟ್ಟು ಬಂದಳು. ಒಂದು ಮಣ್ಣಿನ ತಟ್ಟೆಯಲ್ಲಿ ನೀರು ತುಂಬಿ ಚಿಪ್ಪಿನ ಕೆಳಗಿಟ್ಟಳು. ಅಂದಿನಿಂದ ಅದನ್ನು ದಿನವೂ ತುಂಬುವ ಕೆಲಸ ಅವಳದೇ. ಮರೆತಾಳೆಂದು ನಾನೂ ಒಂದು ಸಲ ನೋಡಿಬರುವೆನು.

ಹಕ್ಕಿ ಒಟ್ಟು ಹನ್ನೊಂದು ದಿನ ಬಂದಿತು. ಅದನ್ನು ಹಿಡಿದು ಕೆರೆಯ ಕಡೆಗೆ ಬಿಡಬಾರದೇ ಎಂದು ಶಿಷ್ಯನನ್ನು ಕೇಳಿದ್ದೆನು. ಚೆನ್ನಾಗಿ ಹಾರುತ್ತಿದೆ, ಹಿಡಿಯಹೋದರೆ ಗಾಬರಿಯಿಂದಲೇ ಸತ್ತೀತು, ಬಿಡಿ ಎಂದನು. ಗುಂಪಿನಲ್ಲಿ ಬಾಳುವ ಪ್ರಾಣಿ. ಒಂಟಿಯಾಗಿ ಈ ಕಾಗದದ ಪೇಟೆಯಲ್ಲಿ, ಕಾಗೆ ಬೆಕ್ಕುಗಳ ನಡುವೆ, ಎಷ್ಟು ದಿನ ಇದ್ದೀತು! ಹನ್ನೆರಡನೆಯ ದಿನ ಬರಲಿಲ್ಲ. ಎಲ್ಲಿಗೋ ಹೋಯಿತೆಂದು ಹುಡುಗಿಗೆ ಹೇಳಿದೆನು. ಅದಕ್ಕಿಂತ ಹೆಚ್ಚಿಗೆ ಈ ಸಲ ಸೇರಿಸಲಿಲ್ಲ.

ಶ್ರಾವಣದಲ್ಲಿ ಶಿಷ್ಯನು ನನ್ನನ್ನು ಹೆಸರಘಟ್ಟಕ್ಕೆ ಕರೆದುಕೊಂಡು ಹೋದನು. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ೧೮೯೪ರಲ್ಲಿ, ಬೆಂಗಳೂರಿಗೆ ಕುಡಿಯುವ ನೀರಿಗಾಗಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಅಲ್ಲಿದೆ. ಅದರ ಸುತ್ತ ಹುಲ್ಲುಗಾವಲು. ಹುಟ್ಟಿದಂದಿನಿಂದ ಬೆಂಗಳೂರಿನಲ್ಲಿದ್ದು ಇಷ್ಟು ಬಯಲನ್ನು ನಾನು ಒಂದೇ ಕಡೆ ನೋಡಿರಲಿಲ್ಲ. ಮುಂಜಾನೆ ಸೋನೆಮಳೆ ಹಿಡಿದಿದ್ದಿತು. ಸೊಂಟದೆತ್ತರದ ಹುಲ್ಲಿನ ಪಕ್ಕದಲ್ಲಿ ಕೊಡೆ ಹಿಡಿದು ಒಂದು ಗಂಟೆ ನಿಂತೆವು. ನನ್ನ ಪಂಚೆ ಮೊಳಕಾಲವರೆಗೆ ಒದ್ದೆಯಾಯಿತು. ಆಮೇಲೆ ಹುಲ್ಲು ಅಲುಗಿತು. ಇಪ್ಪತ್ತು ಇಪ್ಪತ್ತೈದು ಹಕ್ಕಿಗಳು ಕೀಚಲು ದನಿಯಲ್ಲಿ ಮಾತಾಡಿಕೊಳ್ಳುತ್ತ ತೆನೆಯಿಂದ ತೆನೆಗೆ ನೆಗೆಯುತ್ತಿದ್ದುವು. ತೆನೆ ಅವುಗಳ ಭಾರಕ್ಕೆ ಬಾಗುತ್ತಲೂ ಇರಲಿಲ್ಲ. ಅವುಗಳಲ್ಲಿ ನಾಲ್ಕೈದು ನನ್ನ ಹತ್ತನೆ ವಯಸ್ಸಿನ ಹಕ್ಕಿಗಳು: ಕುಂಕುಮ, ಮೇಲೆ ನುಚ್ಚು.

"ಎಡಗಡೆಗೆ ನೋಡಿ ಸಾರ್, ಆ ಬಾಗಿದ ದಂಟಿನ ಮೇಲೆ" ಎಂದು ಶಿಷ್ಯನು ಮೆಲ್ಲನೆ ಹೇಳಿದನು. ನೋಡಿದೆನು. ಎದೆಯ ಮೇಲೆ ಎರಡು ಕಡೆ ಕೆಂಪು, ನಡುವೆ ಮಣ್ಣು. ಕೆನ್ನೆಯಲ್ಲಿ ಒಂದು ಕೆಂಪು ತೇಪೆ. ಬೆನ್ನು ಇನ್ನೂ ಪೂರ್ತಿ ಮಂಕು. ಸುಣ್ಣ ಕಳಚಿದ ಗೋಡೆಯಂತೆ, ಅಗ್ಗದ ಬಣ್ಣ ಬಳಿದ ಆಟದ ಸಾಮಾನಿನಂತೆ ಇದ್ದಿತು. ಮಾವ ನನ್ನ ಕೈಹಿಡಿದು ತುಳಸಿತೋಟಕ್ಕೆ ನಡೆಸಿಕೊಂಡು ಹೋದ ದಿನ ನಮ್ಮ ಪಂಜರದಲ್ಲಿದ್ದ ಹಕ್ಕಿ ತದ್ವತ್ ಹೀಗೆಯೇ ಇದ್ದಿತು. ಆದರೆ ಇದಕ್ಕೆ ಕೆಂಪು ಹೋಗುತ್ತಿರಲಿಲ್ಲ, ಬರುತ್ತಿದ್ದಿತು. ಅದು ಮೈಕೊಡಹಿ ಮಳೆನೀರನ್ನು ಚಿಮ್ಮಿಸಿ, ಒಂದು ಕಾಳನ್ನು ಸುಲಿದು ತಿಂದು, ಉಳಿದವುಗಳ ಹಿಂದೆ ಹೋಯಿತು.

ಹಿಂದಿರುಗುವಾಗ ನನ್ನನ್ನು ಬಸ್ ನಿಲ್ದಾಣದ ಬಳಿ ಇಳಿಸಲು ಹೇಳಿ ನಡೆದುಕೊಂಡು ಬಂದೆನು. ತುಳಸಿತೋಟದ ಹತ್ತಿರ, ಆ ಮುದುಕನು ಕೂರುತ್ತಿದ್ದ ಜಾಗ ಇದೇ ಇರಬೇಕೆಂದು ತೋರಿದ ಕಡೆ ನಿಂತೆನು. ಅಲ್ಲಿ ಈಗ ಮೊಬೈಲುಗಳಿಗೆ ಹೊದಿಕೆ ಮಾರುವ ಒಂದು ತಳ್ಳುಗಾಡಿ ನಿಂತಿದ್ದಿತು. ಒದ್ದೆ ಪಂಚೆಯಲ್ಲಿ ಕೊಡೆ ಹಿಡಿದು ನಿಂತ ನನ್ನನ್ನು ನೋಡಿ ಗಾಡಿಯ ಹುಡುಗನು, "ಏನ್ ಬೇಕು ಸ್ವಾಮಿ?" ಎಂದನು. ಏನೂ ಬೇಡಪ್ಪ ಎಂದು ಹೇಳಿ ಮನೆಗೆ ಬಂದೆನು. ಹಿತ್ತಲಿನಲ್ಲಿ ಅಳಿಲು ನವಣೆಯನ್ನೆಲ್ಲ ಮುಗಿಸಿದ್ದಿತು. ಮತ್ತೆ ತುಂಬಿದೆನು.